ಒಂದೇ ಕೈಯಲ್ಲಿ ಅರವತ್ತೊಂದು ಬೋರ್ಡು

ನಮ್ಮ ವರ್ಕ್‌ಶಾಪಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಗೆರೆಯಕ್ಕ. ಸರ್ಕ್ಯೂಟ್ ಬೋರ್ಡಿನ ಮೇಲೆ ಕರೆಂಟು ಯಾವ ದಾರಿ ಹಿಡಿಯಬೇಕು, ಎಲ್ಲಿ ತಿರುಗಬೇಕು, ಎಲ್ಲಿ ತೂತಿನೊಳಗೆ ಇಳಿದು ಬೆನ್ನಿನ ಕಡೆಗೆ ಹೋಗಬೇಕು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವವಳು ಅವಳು. ಆ ಗೆರೆ ಕಾರ್ಖಾನೆಗೆ ಹೋಗಿ ತಾಮ್ರವಾಗಿ ವಾಪಸ್ಸು ಬರುತ್ತದೆ, ಆ ತಾಮ್ರದ ಮೇಲೆ ನಾನು ಬೆಸುಗೆ ಹಾಕುತ್ತೇನೆ. ಇಪ್ಪತ್ತೆರಡು ವರ್ಷದಿಂದ ಅವಳ ಪಕ್ಕದ ಮೇಜು ನನ್ನದು. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನ್ನನ್ನು ಬಿಟ್ಟರೆ ಅವಳ ಗಂಡನಿಗೆ ಮಾತ್ರ ಇದೆ. ಅವರಿಗೆ ಮಾತು ಕಮ್ಮಿ, ನನಗೆ ಆ ತೊಂದರೆ ಇಲ್ಲ.

ಅಕ್ಕ ಈ ಕೆಲಸಕ್ಕೆ ಬಂದಾಗ ಕಂಪ್ಯೂಟರೇ ಇರಲಿಲ್ಲ. ಪಾರದರ್ಶಕ ಹಾಳೆಯ ಮೇಲೆ ಸಣ್ಣ ಕಪ್ಪು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಗೆರೆ ಮಾಡುತ್ತಿದ್ದರಂತೆ. ಅದಕ್ಕೂ ಮೊದಲು ಅವಳು ಟೈಪಿಂಗ್ ಕಲಿತು, ಒಂದು ವಕೀಲರ ಕಚೇರಿಯಲ್ಲಿ ಎರಡು ವರ್ಷ ಕೀಲಿ ಕುಟ್ಟಿದ್ದಳು. ಕಂಪ್ಯೂಟರ್ ಬಂದಾಗ ಅದನ್ನೂ ಕಲಿತಳು. ಅವಳಿಗೊಂದು ಚಟವಿದೆ, ಓದುವ ಚಟ. ಕಥೆ ಕಾದಂಬರಿಯಲ್ಲ, ಕೆಮ್ಮಿನ ಔಷಧಿಯ ಡಬ್ಬದಲ್ಲಿ ಮಡಚಿಟ್ಟ ಚೀಟಿ, ಕುಕ್ಕರಿನ ಜೊತೆ ಬಂದ ಪುಸ್ತಿಕೆ, ಫ್ಯಾನಿನ ಗ್ಯಾರಂಟಿ ಕಾಗದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಯೇ ಮುಚ್ಚಳ ತೆಗೆಯುವವಳು. ನಾನಂತೂ ಇದಕ್ಕೆ ಅವಳನ್ನು ಆಡಿಕೊಳ್ಳದ ದಿನವಿಲ್ಲ.

ಈ ವರ್ಷ ನಮಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಹಳೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯೊಂದು ಅರವತ್ತೊಂದು ಕಟ್ಟಡಗಳ ಲಿಫ್ಟಿಗೆ ಹೊಸ ಕಂಟ್ರೋಲ್ ಬೋರ್ಡು ಮಾಡಿಕೊಡಿ ಎಂದಿತು. ಒಂದು ಕಟ್ಟಡಕ್ಕೆ ನಾಲ್ಕು ಮಹಡಿ, ಇನ್ನೊಂದಕ್ಕೆ ಒಂಬತ್ತು. ಒಂದರ ಬಾಗಿಲು ಎಡಕ್ಕೆ, ಇನ್ನೊಂದರದ್ದು ಎರಡೂ ಕಡೆಗೆ. ಹಾಗಾಗಿ ಬೋರ್ಡುಗಳು ಒಂದೇ ತಾಯಿಯ ಮಕ್ಕಳಾದರೂ ಒಂದರ ಹಾಗೆ ಇನ್ನೊಂದಿಲ್ಲ. ಅಕ್ಕ ಐದು ತಿಂಗಳು ಕೂತು ಅರವತ್ತೊಂದನ್ನೂ ಎಳೆದಳು. ಇವುಗಳಲ್ಲಿ ಮೂವತ್ತೆಂಟನೆಯದು ನಮ್ಮದೇ ಕಟ್ಟಡದ್ದು. ನಮ್ಮ ವರ್ಕ್‌ಶಾಪ್ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಎಂಟು ತಿಂಗಳಾಗಿತ್ತು. ಊರಿನ ಲಿಫ್ಟಿಗೆಲ್ಲ ಬೋರ್ಡ್ ಮಾಡುವ ನಾವು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದೆವು. ನಗುವವರು ನಗಲಿ.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಮೂವತ್ತೆಂಟನೇ ಬೋರ್ಡಿನಲ್ಲಿ ವೈರು ಸಿಕ್ಕಿಸುವ ಒಂದು ಕನೆಕ್ಟರನ್ನು ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿಸಿದಳು. ನಮ್ಮ ಲಿಫ್ಟು ನೆಲಮಾಳಿಗೆಗೂ ಇಳಿಯುತ್ತದೆ, ಅದಕ್ಕೊಂದು ಹೆಚ್ಚಿನ ವೈರು ಬೇಕು. ಸರಿಸಿ ಸೇವ್ ಮಾಡಿ, ಅಳತೆ ಸರಿಯಿದೆಯೇ ಎಂದು ನೆಲಮಾಳಿಗೆಯಲ್ಲಿರುವ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯನ್ನೇ ನೋಡಿಬರಲು ಟೇಪು ಹಿಡಿದು ಕೆಳಗಿಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ಚಪ್ಪಲಿ ಜಾರಿತು. ಬಿದ್ದದ್ದು ನಾಲ್ಕೇ ಮೆಟ್ಟಿಲು, ಆದರೆ ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್, ಆರು ವಾರ. ಹೊರಗುಳಿದ ಬೆರಳುಗಳೂ ಊದಿಕೊಂಡು ಮಡಚಲು ಬರುತ್ತಿರಲಿಲ್ಲ.

ಗೆರೆ ಎಳೆಯುವುದು ಮುಗಿದಿತ್ತು ನಿಜ. ಆದರೆ ಎಳೆದದ್ದನ್ನು ಹಾಗೇ ಕಾರ್ಖಾನೆಗೆ ಕಳಿಸಲು ಆಗುವುದಿಲ್ಲ. ಪ್ರತಿ ಬೋರ್ಡನ್ನೂ ಕಂಪ್ಯೂಟರಿನಲ್ಲಿ ತಪಾಸಣೆಗೆ ಹಾಕಬೇಕು. ಆಮೇಲೆ ಮೇಲಿನ ತಾಮ್ರಕ್ಕೊಂದು ಫೈಲು, ಕೆಳಗಿನ ತಾಮ್ರಕ್ಕೊಂದು, ತೂತುಗಳಿಗೊಂದು, ಮೇಲೆ ಅಚ್ಚಾಗುವ ಬಿಳಿ ಅಕ್ಷರಗಳಿಗೊಂದು, ನನಗೆ ಬೇಕಾದ ಬಿಡಿಭಾಗಗಳ ಪಟ್ಟಿ ಒಂದು. ಈ ಮೆನು ತೆರೆ, ಆ ಗುಂಡಿ ಒತ್ತು, ಹೌದು ಅನ್ನು, ಸರಿ ಅನ್ನು. ಒಂದು ಬೋರ್ಡಿಗೆ ಮೌಸಿನಲ್ಲಿ ನಲವತ್ತು ಕ್ಲಿಕ್. ಕಾರ್ಖಾನೆಯವರು ನಮಗೆ ಕೊಟ್ಟ ಗಡುವು ಮುಂದಿನ ವಾರದ ಶುಕ್ರವಾರ ಮಧ್ಯಾಹ್ನ ಹನ್ನೆರಡು. ತಪ್ಪಿದರೆ ಮತ್ತೆ ಎರಡು ತಿಂಗಳು ನಮ್ಮ ಸರದಿ ಇಲ್ಲ.

ಮಂಗಳವಾರ ಅಕ್ಕ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದೇಬಿಟ್ಟಳು. ನಮ್ಮ ವರ್ಕ್‌ಶಾಪಿನ ಯಜಮಾನರ ಅಳಿಯ ಅವಳ ಮೇಜಿನ ಹತ್ತಿರ ಬಂದು ನಿಂತರು. ಎರಡು ವರ್ಷದಿಂದ ವರ್ಕ್‌ಶಾಪ್ ನೋಡಿಕೊಳ್ಳುವವರು ಇವರೇ. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯ. ಯಜಮಾನರೂ ಸೇರಿದಂತೆ ಎಲ್ಲರ ಬಾಯಲ್ಲೂ ಅವಳು ಅಕ್ಕನೋ ಅಮ್ಮನೋ ಆದರೆ, ಇವರಿಗೆ ಮಾತ್ರ ಮೇಡಂ.

"ಮೇಡಂ, ಹೊರಗೆ ಒಂದು ಆಫೀಸಿದೆ. ಅವರಿಗೇ ಕೊಟ್ಬಿಡೋಣ. ಇದೊಂದೇ ಅಲ್ಲ, ಇನ್ಮೇಲೆ ಗೆರೆ ಕೆಲಸ ಪೂರ್ತಿ ಅವರೇ ಮಾಡ್ಲಿ. ನಿಮಗೆ ಪ್ಯಾಕಿಂಗ್ ಮೇಜು ಆರಾಮಾಗಿರತ್ತೆ."

ಪ್ಯಾಕಿಂಗ್ ಮೇಜೆಂದರೆ ಬಾಗಿಲ ಪಕ್ಕದಲ್ಲಿ ರಟ್ಟಿನ ಡಬ್ಬಕ್ಕೆ ಟೇಪು ಸುತ್ತುವ ಜಾಗ. ಮೂವತ್ತು ವರ್ಷ ಗೆರೆ ಎಳೆದವಳನ್ನು ಅಲ್ಲಿ ಕೂರಿಸುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ಇತ್ತು, ಅದನ್ನು ಅದರ ಸ್ಟ್ಯಾಂಡಿನಲ್ಲಿ ಇಟ್ಟೆ. ಇಡುವುದೇ ಕ್ಷೇಮ ಎನ್ನಿಸಿತು.

ಅಕ್ಕ ಕುರ್ಚಿಯಿಂದ ಏಳಲಿಲ್ಲ. "ಫೈಲ್ ಹೋಗ್ಬೇಕಾದ್ದು ಶುಕ್ರವಾರ ಹನ್ನೆರಡಕ್ಕೆ ತಾನೆ? ಅಲ್ಲಿವರೆಗೂ ಈ ಮೇಜು ನಂದೇ ಇರ್ಲಿ. ಆಗ್ಲಿಲ್ಲ ಅಂದ್ರೆ ಟೇಪು ಕೊಡಿ, ಡಬ್ಬ ಸುತ್ತೀನಿ."

ಒಳಗಿನ ಕೋಣೆಯಿಂದ ಯಜಮಾನರ ದನಿ ಬಂತು. "ಇರ್ಲಿ ಬಿಡಪ್ಪ, ಅವಳು ಹೇಳಿದ ಮೇಲೆ ಮುಗೀತು."

ಎಡಗೈಯಲ್ಲಿ ಮೌಸ್ ಹಿಡಿದದ್ದನ್ನು ನೀವು ನೋಡಬೇಕಿತ್ತು. ಬಾಣದ ಗುರುತು ಮೇಲೆ ಹೋಗು ಎಂದರೆ ಪಕ್ಕಕ್ಕೆ ಹೋಗುತ್ತದೆ, ನಿಲ್ಲು ಎಂದರೆ ಓಡುತ್ತದೆ. ಒಂದು ಸಲ ಇಡೀ ಬೋರ್ಡನ್ನೇ ಎಳೆದು ಪರದೆಯ ಆಚೆಗೆ ಹಾಕಿಬಿಟ್ಟಳು. ಇಬ್ಬರೂ ಸೇರಿ ಹುಡುಕಿದೆವು. ನಾನು ಮೌಸ್ ಹಿಡಿಯೋಣವೆಂದರೆ ನನ್ನ ಮೇಜಿನಲ್ಲೂ ಬೋರ್ಡುಗಳ ರಾಶಿ ಬಿದ್ದಿತ್ತು, ಮೇಲಾಗಿ ನನ್ನ ಕ್ಲಿಕ್ಕಿನ ಮೇಲೆ ನನಗೇ ನಂಬಿಕೆ ಇಲ್ಲ. ಎರಡು ದಿನದಲ್ಲಿ ಮುಗಿದದ್ದು ಮೂರು ಬೋರ್ಡು. ಎಡ ಹೆಗಲು ಊದಿಕೊಂಡು, ಗುರುವಾರ ಅವಳು ರಜೆ ಹಾಕಿದಳು. ಅಳಿಯಂದಿರು ಹೊರಗಿನ ಆಫೀಸಿಗೆ ಕಾಗದ ಬರೆದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು, ನಮಗೆ ಕಾಣುವ ಹಾಗೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಕ್ಕನ ಫೋನ್ ಬಂತು. "ಏಯ್, ಬೇಗ ಬಾರೇ. ಸ್ನಾನ ಆಮೇಲೆ ಮಾಡಿದ್ರಾಯ್ತು."

ಅಷ್ಟು ಸಡಗರದ ದನಿಯನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಮಗಳಿಗೆ ಕೆಲಸ ಸಿಕ್ಕಾಗ ಒಮ್ಮೆ ಮಾತ್ರ. ಓಡಿದೆ.

ಅಡುಗೆಮನೆಯ ಮೇಜಿನ ಮುಂದೆ ಅಕ್ಕ ಕೂತಿದ್ದಳು. ಅವಳ ಗಂಡ, ನನಗೆ ಭಾವ, ಹಿಂದೆ ನಿಂತು ಜಡೆ ಹೆಣೆಯುತ್ತಿದ್ದರು. ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಕೂದಲೆಳೆ ಅಳತೆಯನ್ನು ಗಾಜಿನಲ್ಲಿ ಹಿಡಿಯುವ ಮನುಷ್ಯ ನಿಜವಾದ ಕೂದಲು ಕೈಗೆ ಬಂದಾಗ ಸೋತುಹೋಗಿದ್ದರು, ಜಡೆ ಒಂದು ಕಿವಿಯ ಕಡೆಗೆ ವಾಲಿತ್ತು. ಮೂಲೆಯ ಕುರ್ಚಿಯಲ್ಲಿ ಅವಳ ಅತ್ತೆ ಟೀ ಆರಿಸುತ್ತಾ ಕೂತಿದ್ದರು. ಮಗಳು ನರ್ಸು, ಡ್ಯೂಟಿಗೆ ಹೋಗಿದ್ದಳು. ಮಗಳ ಹಳೆಯ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು, ನಮ್ಮ ಸಾಫ್ಟ್‌ವೇರನ್ನೂ ಬೋರ್ಡಿನ ಫೈಲುಗಳನ್ನೂ ಅಕ್ಕ ಅದಕ್ಕೆ ಹಾಕಿಕೊಂಡಿದ್ದಳು. ಪರದೆ ತುಂಬ ಕಪ್ಪು, ಮೂಲೆಯಲ್ಲಿ ಒಂದು ಸಣ್ಣ ಗೀಟು ಮಿಟುಕುತ್ತಿತ್ತು.

"ಆಗ್ಲಿಂದ ಹೇಳ್ತಾ ಇದ್ದೀನಿ, ಅದು ಕೆಟ್ಟಿದೆ ಅಂತ. ಕೇಳೋರು ಯಾರು?" ಎಂದರು ಅತ್ತೆ.

"ಕೆಟ್ಟಿಲ್ಲ ಅತ್ತೆ, ಅದು ಹಾಗೇ ಇರೋದು." ಅಕ್ಕ ನನ್ನ ಕಡೆ ತಿರುಗಿದಳು, ಭಾವನ ಕೈಯಿಂದ ಜಡೆ ಜಾರಿತು. "ಮೂರು ದಿನ ಮನೇಲಿ ಕೂತು ಏನ್ ಮಾಡ್ಲಿ? ನಮ್ಮ ಸಾಫ್ಟ್‌ವೇರಿನ ಪುಸ್ತಕ ಪೂರ್ತಿ ಓದ್ದೆ. ಕೊನೇ ಅಧ್ಯಾಯ ಯಾರೂ ಓದಲ್ಲ ನೋಡು, ಅದರಲ್ಲಿತ್ತು. ಕಿಟಕಿ, ಗುಂಡಿ, ಮೌಸು ಏನೂ ಬೇಡ. ಈ ಕಪ್ಪು ಪರದೇಲಿ ಒಂದು ಸಾಲು ಟೈಪ್ ಮಾಡಿದ್ರೆ ಸಾಕು, ಅದೇ ಬೋರ್ಡ್ ತಗೊಂಡು ಅದೇ ತಪಾಸಣೆ ಮಾಡತ್ತೆ, ಅದೇ ಫೈಲ್ ಬರೆದುಕೊಡತ್ತೆ."

"ನಲವತ್ತು ಕ್ಲಿಕ್ಕು?"

"ಒಂದು ಎಂಟರ್ರು."

ನಾನು ನಂಬಲಿಲ್ಲ. ನಂಬುವ ಹಾಗೂ ಇರಲಿಲ್ಲ, ಯಾಕೆಂದರೆ ಅವಳು ಎಂಟರ್ ಒತ್ತಿದಾಗಲೆಲ್ಲ ಆ ಪರದೆ "ಅಂಥ ಫೈಲ್ ಇಲ್ಲ" ಎಂದೇ ಹೇಳುತ್ತಿತ್ತು. ಕಣ್ಣೆದುರಿಗೆ ಫೋಲ್ಡರಿನಲ್ಲಿ ಫೈಲ್ ಕೂತಿದೆ, ಇದು ಇಲ್ಲ ಎನ್ನುತ್ತದೆ. ಅಕ್ಕ ಮತ್ತೆ ಟೈಪ್ ಮಾಡಿದಳು. ಎಡಗೈ ಒಂದೇ ಆದರೂ ಬೆರಳುಗಳು ವಕೀಲರ ಕಚೇರಿಯನ್ನು ಮರೆತಿರಲಿಲ್ಲ, ಕೀಲಿ ನೋಡದೆ ಓಡುತ್ತಿದ್ದವು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾದ ಕಡೆ ಮಾತ್ರ "ಶಿಫ್ಟ್" ಎನ್ನುವಳು, ನಾನು ಒಂದು ಬೆರಳು ಇಡುವೆ. ಹನ್ನೊಂದು ಸಲ ಆಯಿತು, ಹನ್ನೊಂದು ಸಲವೂ ಇಲ್ಲ.

ತಪ್ಪು ಹಿಡಿದದ್ದು ಭಾವ. ಜಡೆ ಮುಗಿಸಿ ಪರದೆಯ ಮೇಲೆ ಬಗ್ಗಿ ನೋಡಿ, "ಹೆಸರಲ್ಲಿ ಜಾಗ ಬಿಟ್ಟಿದ್ದೀಯಲ್ಲ, ಅದು ಒಂದು ಹೆಸರನ್ನ ಎರಡು ಅಂದ್ಕೊಂಡಿರ್ಬೋದು" ಎಂದರು. ವಾರಕ್ಕೆ ಹತ್ತು ಮಾತಾಡುವ ಮನುಷ್ಯ, ಆ ವಾರದ ಹತ್ತನ್ನೂ ಸರಿಯಾದ ಕಡೆ ಖರ್ಚು ಮಾಡಿದರು. ಲಿಫ್ಟ್, ಬೋರ್ಡ್, ಏಳು ಎಂದು ಮಧ್ಯೆ ಜಾಗ ಬಿಟ್ಟು ಬರೆದ ಹೆಸರಿನ ಮೊದಲ ತುಂಡನ್ನಷ್ಟೇ ಅದು ಹುಡುಕುತ್ತಿತ್ತು. ಅಕ್ಕ ಆ ಜಾಗಗಳಲ್ಲಿ ಅಡ್ಡಗೆರೆ ಹಾಕಿ ಹೆಸರನ್ನು ಒಂದೇ ತುಂಡು ಮಾಡಿದಳು. ಎಂಟರ್.

ಎರಡು ಸಾಲು ಬಂದವು, ಗೀಟು ಮತ್ತೆ ಮಿಟುಕಿತು. ಫೋಲ್ಡರ್ ತೆರೆದೆವು. ಮೇಲಿನ ತಾಮ್ರ, ಕೆಳಗಿನ ತಾಮ್ರ, ತೂತು, ಅಕ್ಷರ, ಒಂದರ ಕೆಳಗೊಂದು ಸಾಲಾಗಿ ಕೂತಿದ್ದವು. ಅಕ್ಕ ಪ್ಲಾಸ್ಟರಿನ ಕೈಯಿಂದಲೇ ಮೇಜು ಗುದ್ದಿದಳು, ಟೀ ಲೋಟಗಳು ಕುಣಿದವು.

"ಏನಾಯ್ತೇ?" ಎಂದರು ಅತ್ತೆ.

"ಹೇಳಿದ್ದು ಮಾಡ್ತು ಅತ್ತೆ."

"ಯಾರು?"

"ಕಂಪ್ಯೂಟರ್ರು."

"ಸದ್ಯ, ಈ ಮನೇಲಿ ಒಬ್ಬರಾದ್ರೂ ಹೇಳಿದ್ ಮಾತು ಕೇಳ್ತಾರಲ್ಲ."

ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಐವತ್ತನಾಲ್ಕು ವರ್ಷದ ಹೆಂಗಸು ಸೊಟ್ಟ ಜಡೆ ಹಾಕಿಕೊಂಡು, ಮುರಿದ ಕೈ ಹಿಡಿದುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಬಂದಳು. ನನಗೆ ಅಷ್ಟು ಖುಷಿ ಯಾಕಾಯಿತೆಂದರೆ, ಅವಳ ಮೇಜು ಖಾಲಿಯಾಗುವುದನ್ನು ನಾನು ಮೂರು ದಿನದಿಂದ ಮನಸ್ಸಿನಲ್ಲೇ ನೋಡಿಬಿಟ್ಟಿದ್ದೆ.

ಸೋಮವಾರದಿಂದ ಗುರುವಾರದವರೆಗೆ ಅವಳ ಮೇಜು ನೋಡುವಂತಿತ್ತು. ಮೌಸನ್ನು ವೈರು ಸುತ್ತಿ ಡ್ರಾಯರಿಗೆ ಹಾಕಿದಳು. ಅರವತ್ತೊಂದು ಹೆಸರುಗಳಿಗೂ ಅಡ್ಡಗೆರೆ ಹಾಕಿದಳು. ಆಮೇಲೆ ಆ ಸಾಲುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು, ಈ ಫೋಲ್ಡರಿನಲ್ಲಿರುವ ಒಂದೊಂದು ಬೋರ್ಡಿಗೂ ಇದನ್ನೇ ಮಾಡು ಎಂದು ಕಂಪ್ಯೂಟರಿಗೆ ಹೇಳುವುದನ್ನು ಕಲಿತಳು. ಒಮ್ಮೆ ಒಂದು ಅಲ್ಪವಿರಾಮ ಹೆಚ್ಚಾಗಿ ಇಡೀ ಮಧ್ಯಾಹ್ನ ಹೋಯಿತು. ಇನ್ನೊಮ್ಮೆ ಎಲ್ಲ ಬೋರ್ಡಿನ ಫೈಲುಗಳೂ ಒಂದೇ ಹೆಸರಿನಲ್ಲಿ ಒಂದರ ಮೇಲೊಂದು ಬಿದ್ದು, ಕೊನೆಗೆ ಉಳಿದದ್ದು ಒಂದೇ ಬೋರ್ಡು. ಅವಳಿಗೆ ಬೇಸರವೇ ಇಲ್ಲ. ಪ್ರತಿ ತಪ್ಪಿಗೂ "ಓಹೋ, ಹಾಗಾ ವಿಷಯ" ಎಂದು ಮುಂದೆ ಬಗ್ಗುವಳು. ನಾನು ಬೆಸುಗೆ ಬಿಟ್ಟು ಶಿಫ್ಟ್ ಒತ್ತಲು ದಿನಕ್ಕೆ ನೂರು ಸಲ ಎದ್ದೆ. ಅಳಿಯಂದಿರು ಹಾದುಹೋಗುವಾಗ ಕಪ್ಪು ಪರದೆಯನ್ನು ನೋಡಿ, "ಏನ್ ಮೇಡಂ, ಕರೆಂಟ್ ಹೋಯ್ತಾ?" ಎಂದರು. ಅವರಿಗೂ ಅತ್ತೆಗೂ ದೂರದ ನಂಟಿರಬೇಕು ಎಂದುಕೊಂಡೆ.

ಶುಕ್ರವಾರ ಹತ್ತು ಗಂಟೆಗೆ ಅಕ್ಕ ನಮ್ಮನ್ನೆಲ್ಲ ಕರೆದಳು. ಯಜಮಾನರು ಬಂದರು, ತಂತಿ ಕತ್ತರಿಸುವವರು ಬಂದರು, ಅಳಿಯಂದಿರು ಕೈಕಟ್ಟಿ ಬಾಗಿಲಲ್ಲೇ ನಿಂತರು. ಅವಳು ಒಂದೇ ಪದ ಟೈಪ್ ಮಾಡಿದಳು. ಎಂಟರ್ ಒತ್ತುವ ಮೊದಲು ಬೆರಳನ್ನು ಸೀರೆಗೆ ಒರೆಸಿಕೊಂಡಳು.

ಸಾಲುಗಳು ಓಡತೊಡಗಿದವು. ಒಂದು, ಎರಡು, ಮೂರು. ತಪಾಸಣೆ ಮುಗಿಯಿತು, ವರದಿ ಬರೆದಿದೆ, ಫೈಲು ಬರೆದಿದೆ, ಮುಂದಿನದು. ಹದಿನೈದು, ಹದಿನಾರು. ಯಜಮಾನರು ಬೆರಳು ಮಡಚಿ ಎಣಿಸುತ್ತಿದ್ದವರು ಕೈ ಸಾಲದೆ ಬಿಟ್ಟುಬಿಟ್ಟರು. ಅರವತ್ತೊಂದು ಎಂದು ಬಂದು ಪರದೆ ನಿಂತಿತು, ಗೀಟು ಮಿಟುಕಿತು. ಗೋಡೆಯ ಗಡಿಯಾರ ನೋಡಿದೆವು. ನಾಲ್ಕು ನಿಮಿಷ.

ಯಜಮಾನರು ಒಳಗೆ ಹೋಗಿ, ತಮ್ಮ ಬಿಸ್ಕತ್ತಿನ ಡಬ್ಬವನ್ನೇ ತಂದು ಅಕ್ಕನ ಮೇಜಿನ ಮೇಲಿಟ್ಟರು. ಆ ಡಬ್ಬ ಆ ಕೋಣೆ ಬಿಟ್ಟು ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಹತ್ತೂಮುಕ್ಕಾಲಿಗೆ ಫೈಲುಗಳು ಕಾರ್ಖಾನೆಗೆ ಹೋದವು. ಅಳಿಯಂದಿರು "ಸರಿ ಮೇಡಂ" ಎಂದು ತಮ್ಮ ಜಾಗಕ್ಕೆ ಹೋದರು. ಎರಡೇ ಪದವಾದರೂ ಅವರ ಬಾಯಿಂದ ಅದು ದೊಡ್ಡ ಮಾತು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಕ್ಕನಿಗೆ ಮಾಡಿದ ಅಡುಗೆಯ ಮುಚ್ಚಳ ತೆಗೆದು ಇನ್ನೊಮ್ಮೆ ನೋಡುವ ಆಸೆ. ಹನ್ನೊಂದೂಕಾಲಿಗೆ ಬಿಸ್ಕತ್ತು ಕಡಿಯುತ್ತಾ, ಬಂದಿರುವ ಫೈಲುಗಳ ಪಟ್ಟಿ ತೋರಿಸು ಎಂದು ಒಂದು ಸಾಲು ಟೈಪ್ ಮಾಡಿದಳು. ಪ್ರತಿ ಹೆಸರಿನ ಪಕ್ಕದಲ್ಲಿ ಅದರ ಗಾತ್ರ. ಅವಳ ಕಣ್ಣು ಗೆರೆ ನೋಡುವ ಕಣ್ಣು. ತಪಾಸಣೆಯ ವರದಿಗಳು ಅರವತ್ತೊಂದು, ಪಕ್ಕದಲ್ಲಿ ಒಂದೇ ಸಂಖ್ಯೆ ಮೇಲಿಂದ ಕೆಳಗೆ ನೇರವಾಗಿ ಇಳಿದಿತ್ತು. ಒಂದು ಕಡೆ ಮಾತ್ರ ಬೇರೆ ಸಂಖ್ಯೆ. ಅವಳು ಬಿಸ್ಕತ್ತು ಕೆಳಗಿಟ್ಟಳು.

"ಮೂವತ್ತೆಂಟರ ವರದಿ ಯಾಕೆ ಇಷ್ಟುದ್ದ ಇದೆ?"

ತೆರೆದಳು. ಬೇರೆ ವರದಿಗಳಲ್ಲಿ ದೋಷ ಸೊನ್ನೆ ಎಂದಿದ್ದರೆ, ಇದರಲ್ಲಿ ನಾಲ್ಕು. ಕನೆಕ್ಟರಿನ ಕಾಲುಗಳು ತಾಮ್ರಕ್ಕೆ ತಗುಲಿವೆ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಬೋರ್ಡಿನಲ್ಲಿ ಗೆರೆಗಳ ನಡುವೆ ಉಳಿದ ಖಾಲಿ ಜಾಗಕ್ಕೆಲ್ಲ ತಾಮ್ರ ಹಾಸಿಬಿಡುತ್ತೇವೆ, ತೂತುಗಳ ಸುತ್ತ ಮಾತ್ರ ಅಂಚು ಬಿಟ್ಟು. ತೂತು ಸರಿಸಿದರೆ ಆ ಹಾಸನ್ನು ಹೊಸದಾಗಿ ಹಾಸಬೇಕು, ಇಲ್ಲದಿದ್ದರೆ ಅಂಚು ಹಳೆಯ ಜಾಗದಲ್ಲೇ ಉಳಿದು ಹೊಸ ತೂತು ತಾಮ್ರದ ನಡುವೆ ಬೀಳುತ್ತದೆ. ಮೌಸಿನ ಕಾಲದಲ್ಲಿ ಫೈಲು ತೆಗೆಯುವ ಮೊದಲು ಒಂದು ಸಣ್ಣ ಪೆಟ್ಟಿಗೆ ಎದ್ದುಬಂದು, ತಾಮ್ರ ಹೊಸದಾಗಿ ಹಾಸಲೇ ಎಂದು ಕೇಳುತ್ತಿತ್ತು. ಪ್ರತಿ ಸಲವೂ. ಅಕ್ಕ ಇಪ್ಪತ್ತು ವರ್ಷ "ಇದೊಂದು ಶನಿ" ಎಂದು ಬೈದುಕೊಳ್ಳುತ್ತಾ ಹೌದು ಒತ್ತಿದ್ದಳು. ಬಿದ್ದ ದಿನ ಕನೆಕ್ಟರ್ ಸರಿಸಿ ಹಾಗೇ ಸೇವ್ ಮಾಡಿದ್ದೂ ಅದೇ ಧೈರ್ಯದ ಮೇಲೆ. ಕಪ್ಪು ಪರದೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೇಳಿದ್ದಷ್ಟನ್ನು ಮಾಡಿ, ತಪಾಸಣೆ ಮುಗಿಯಿತು ಎನ್ನುತ್ತದೆ. ಮುಗಿಯಿತು ಎಂದದ್ದನ್ನು ನಾವೆಲ್ಲ ಸರಿಯಿದೆ ಎಂದು ತಿಳಿದುಕೊಂಡಿದ್ದೆವು.

"ಓದಿದ್ದೆ ಕಣೇ," ಎಂದಳು ಅಕ್ಕ. "ಆ ಅಧ್ಯಾಯದಲ್ಲೇ ಇತ್ತು. ತಾಮ್ರ ಹಾಸೋದು ಬೇಕಿದ್ರೆ ಹೇಳಬೇಕು ಅಂತ. ಇಷ್ಟು ವರ್ಷದ ಕೆಲಸ, ಅದು ನನಗಲ್ಲ ಅಂದ್ಕೊಂಡೆ."

ನಾನು ಅಳಿಯಂದಿರ ಕಡೆ ನೋಡಿದೆ. ಅವರ ಮೇಜಿನ ಮೇಲೆ ಆ ಕಾಗದ ಇನ್ನೂ ಇತ್ತು. ನಾನು ಒಳ್ಳೆಯವಳೆಂದು ಹೇಳಿಕೊಳ್ಳುವುದಿಲ್ಲ, ಆ ಕ್ಷಣಕ್ಕೆ ನನಗೆ ಹೊಳೆದದ್ದು ಸುಮ್ಮನಿದ್ದುಬಿಡೋಣ ಎಂದೇ. ಬೋರ್ಡು ನಮ್ಮ ಕೈಗೇ ಬರುತ್ತದೆ, ಬಂದ ಮೇಲೆ ನಾನು ಬ್ಲೇಡಿನಲ್ಲಿ ಆ ತಾಮ್ರ ಕೆರೆದು ಬಿಡಿಸುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದು ಪಿಸುಗುಟ್ಟಿದೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಎದ್ದು ಸೀದಾ ಅಳಿಯಂದಿರ ಮುಂದೆ ಹೋಗಿ ನಿಂತಳು.

"ಮೂವತ್ತೆಂಟರಲ್ಲಿ ತಪ್ಪಿದೆ. ನನ್ನ ತಪ್ಪು. ಕಾರ್ಖಾನೆಗೆ ಫೋನ್ ಮಾಡಿ, ಕಳಿಸಿದ್ದನ್ನ ತೆರೀಬೇಡಿ ಅನ್ನಿ."

ಅಳಿಯಂದಿರು ತಲೆಯೆತ್ತಿದರು. "ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಮೇಡಂ."

"ನಿಮಗೆ ಗೊತ್ತಾಗ್ತಿರ್ಲಿಲ್ಲ. ಲಿಫ್ಟಿಗೆ ಗೊತ್ತಾಗ್ತಿತ್ತು."

ಅವರು ಫೋನ್ ಎತ್ತಿಕೊಂಡರು. ಗಂಟೆ ಹನ್ನೊಂದೂವರೆ ಆಗಿತ್ತು. ಮೌಸಿನ ದಿನಗಳಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು, ಯಾಕೆಂದರೆ ಅಕ್ಕನಿಗೆ ಈಗ ಒಂದರ ಮೇಲೂ ನಂಬಿಕೆ ಇರಲಿಲ್ಲ, ಅರವತ್ತೊಂದನ್ನೂ ಮೊದಲಿಂದ ಮಾಡಬೇಕೆಂದಳು. ಓಡಿಬಂದು ಕೂತು ತನ್ನ ಫೈಲು ತೆರೆದಳು. ತಪಾಸಣೆಯ ಸಾಲಿನಲ್ಲಿ ಎರಡು ಪದ ಸೇರಿಸಿದಳು, ಮೊದಲು ತಾಮ್ರ ಹೊಸದಾಗಿ ಹಾಸು, ಹಾಸಿದ್ದನ್ನು ಉಳಿಸು. ಮುಂದಿನ ಸಾಲಿನಲ್ಲಿ ಇನ್ನೊಂದು, ದೋಷ ಕಂಡರೆ ಅಲ್ಲೇ ನಿಲ್ಲು. "ಶಿಫ್ಟ್" ಎಂದಳು, ನಾನು ಬೆರಳು ಇಟ್ಟೆ. ಎಂಟರ್.

ತಾಮ್ರ ಹಾಸುವ ಕೆಲಸ ಸೇರಿದ್ದಕ್ಕೆ ಈ ಸಲ ನಿಧಾನ. ಮೂವತ್ತಾರು. ಮೂವತ್ತೇಳು. ಮೂವತ್ತೆಂಟರಲ್ಲಿ ಸಾಲು ನಿಂತಿತು. ನಿಂತೇ ಇತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು, ಅದರ ಗುರುತು ಸಂಜೆಯವರೆಗೂ ಇತ್ತು. ಮೂವತ್ತೊಂಬತ್ತು ಎಂದು ಬಂತು. ನಾನು ಕೂಗಿಯೇಬಿಟ್ಟೆ. ಅರವತ್ತೊಂದು ಮುಗಿದಾಗ ಗಡಿಯಾರದಲ್ಲಿ ಹನ್ನೊಂದು ನಲವತ್ತೇಳು. ಪಟ್ಟಿ ತೋರಿಸೆಂದಳು. ವರದಿಗಳ ಪಕ್ಕದ ಸಂಖ್ಯೆ ಮೇಲಿಂದ ಕೆಳಗೆ ಒಂದೇ. ಆದರೂ ಈ ಸಲ ಮೂವತ್ತೆಂಟನ್ನು ತೆರೆದು ಕಣ್ಣಾರೆ ಓದಿದಳು, ದೋಷ ಸೊನ್ನೆ. ಹನ್ನೊಂದು ಐವತ್ತನಾಲ್ಕಕ್ಕೆ ಹೊಸ ಫೈಲುಗಳು ಕಾರ್ಖಾನೆ ತಲುಪಿದವು.

ಅಳಿಯಂದಿರು ಆ ಕಾಗದವನ್ನು ಹರಿಯಲಿಲ್ಲ. ಡ್ರಾಯರಿನಲ್ಲಿ ಇಟ್ಟರು. "ನಿಮ್ಮ ಕೈ ಸರಿಹೋಗ್ಲಿ ಮೇಡಂ, ಆಮೇಲೆ ನೋಡೋಣ" ಎಂದರು. ನನಗೆ ಆ ಡ್ರಾಯರಿನ ಮೇಲೇ ಸಿಟ್ಟು. ಅಕ್ಕನಿಗೆ ಅದನ್ನು ಯೋಚಿಸಲು ಪುರುಸೊತ್ತಿಲ್ಲ. ಆ ವಾರವೆಲ್ಲ ಅವಳು ತನ್ನ ಫೈಲಿಗೆ ಮತ್ತೇನೋ ಸೇರಿಸುತ್ತಿದ್ದಳು. "ಬೈದು ಬೈದು ಆ ಪೆಟ್ಟಿಗೆಗೆ ಅನ್ಯಾಯ ಮಾಡ್ದೆ ಕಣೇ. ಅದು ಮಾಡ್ತಿದ್ದ ಕೆಲಸ ಈಗ ಯಾರಾದ್ರೂ ಮಾಡ್ಬೇಕಲ್ಲ" ಎಂದಳು. ಅಷ್ಟೇ ಹೇಳಿದ್ದು.

ಬೋರ್ಡುಗಳು ಬಂದವು. ಮೂವತ್ತೆಂಟಕ್ಕೆ ನಾನೇ ಮೊದಲು ಬೆಸುಗೆ ಹಾಕಿದೆ, ಲಿಫ್ಟಿನವರು ಬಂದು ಜೋಡಿಸಿದರು. ಒಂಬತ್ತು ತಿಂಗಳ ಮೇಲೆ ನಮ್ಮ ಲಿಫ್ಟು ಎದ್ದಿತು. ಮೊದಲ ದಿನ ನಾವು ಕೆಲಸವಿಲ್ಲದಿದ್ದರೂ ನೆಲಮಾಳಿಗೆಗೆ ಹೋಗಿಬಂದೆವು, ಯಜಮಾನರು ಎರಡು ಸಲ.

ಅಕ್ಕನ ಪ್ಲಾಸ್ಟರ್ ತೆಗೆಯುವ ದಿನ ಅವಳು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದಳು. ಅವತ್ತೇ ಒಂದು ಬೋರ್ಡು ತುರ್ತಾಗಿ ಕಾರ್ಖಾನೆಗೆ ಹೋಗಬೇಕಿತ್ತು. ಹಿಂದಿನ ಸಂಜೆ ಅಳಿಯಂದಿರು ತಾವೇ ಮೌಸ್ ಹಿಡಿದು ಅದರಲ್ಲಿ ಸ್ಕ್ರೂ ಹಾಕುವ ತೂತೊಂದನ್ನು ಸರಿಸಿದ್ದರು. ಅಕ್ಕನ ಕುರ್ಚಿಯಲ್ಲಿ ಕೂತು, "ಒಂದು ಪದ ತಾನೆ, ನಾನೇ ಹೊಡೀತೀನಿ" ಎಂದು ಟೈಪ್ ಮಾಡಿ ಎಂಟರ್ ಒತ್ತಿದರು. ನಾನು ಹಿಂದೆ ನಿಂತು ನೋಡುತ್ತಿದ್ದೆ.

ಪರದೆ ನಿಂತಿತು. ಒಂದು ಸಾಲು ಬಂತು. ಆ ಪರದೆಯಲ್ಲಿ ನಮ್ಮ ಅಕ್ಷರ ಬರೆದರೆ ಬರೀ ಚೌಕಗಳಾಗಿ ಕಾಣುತ್ತದೆ, ಅದಕ್ಕೆ ಅಕ್ಕ ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಬರೆದಿದ್ದಳು.

"ತಾಮ್ರ ಹಾಸಿದ್ದೀನಿ. ವರದಿ ಓದಿದ್ರಾ? ಕೊನೇ ಸಾಲಲ್ಲಿರೋ ದೋಷದ ಸಂಖ್ಯೆ ಬರೀರಿ."

ಅಳಿಯಂದಿರು ಅವಸರದಲ್ಲಿ ಸೊನ್ನೆ ಒತ್ತಿದರು.

"ಸುಳ್ಳು. ಓದಿಲ್ಲ ನೀವು. ಹೋಗಿ ಓದಿ ಬನ್ನಿ, ನಾನು ಇಲ್ಲೇ ಇರ್ತೀನಿ."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಅಳಿಯಂದಿರ ಕಿವಿ ಕೆಂಪಾಯಿತು. ವರದಿ ತೆರೆದು ಓದಿದರು. ದೋಷ ಒಂದು. ಅವರು ಸರಿಸಿದ ತೂತು ಬೋರ್ಡಿನ ಅಂಚಿಗೆ ತೀರಾ ಹತ್ತಿರ ಹೋಗಿತ್ತು, ಸ್ಕ್ರೂ ಬಿಗಿದ ಕೂಡಲೇ ಬೋರ್ಡು ಒಡೆಯುತ್ತಿತ್ತು. ತೂತನ್ನು ಒಳಗೆ ಸರಿಸಿ, ಮತ್ತೆ ಆ ಪದ ಟೈಪ್ ಮಾಡಿ, ಈ ಸಲ ವರದಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಸೊನ್ನೆ ಬರೆದರು. ಫೈಲು ಹೊರಬಂತು. ಆಮೇಲೆ ಎದ್ದು ತಮ್ಮ ಮೇಜಿಗೆ ಹೋಗಿ, ಡ್ರಾಯರ್ ಎಳೆದು ಆ ಕಾಗದ ತೆಗೆದು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ವಾಪಸ್ಸು ಬಂದು ಅದೇ ಕುರ್ಚಿಯಲ್ಲಿ ಕೂತು ಅಕ್ಕನ ಫೈಲನ್ನು ಸಾಲು ಸಾಲಾಗಿ ಓದತೊಡಗಿದರು.

ಹೊರಗೆ ಲಿಫ್ಟಿನ ಗಂಟೆ ಟಿಂಗ್ ಎಂದಿತು. ಅಕ್ಕ ಬಂದಳು. ಬಲಗೈ ಬಡಕಲಾಗಿ ಬಿಳಿಚಿಕೊಂಡಿತ್ತು, ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಲೇ ಒಳಗೆ ಕಾಲಿಟ್ಟಳು. ಜಡೆ ನೇರವಾಗಿತ್ತು, ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ತಾನೇ ಹೆಣೆದುಕೊಂಡಿರಬೇಕು. ತನ್ನ ಕುರ್ಚಿಯಲ್ಲಿ ಅಳಿಯಂದಿರನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ಬಾಗಿಲ ಪಕ್ಕದ ಪ್ಯಾಕಿಂಗ್ ಮೇಜಿನ ಕಡೆ ಒಮ್ಮೆ ಹೋಗಿಬಂತು.

ಅಳಿಯಂದಿರು ಎದ್ದು ನಿಂತು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

"ಕೂತ್ಕೊಳ್ಳಿ ಅಕ್ಕ," ಎಂದರು. "ಇದನ್ನ ನನಗೂ ಸ್ವಲ್ಪ ಹೇಳಿಕೊಡಿ."